ಮಸ್ಕಿ ತನಕ ಬಂದ ನಂಬಿಕೆ

ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನಾನು ಸಿಂಧನೂರಿಗೇ ಮಾದರಿ ಎಂದು ನಂಬಿದ್ದ ಕಾಲವೊಂದಿತ್ತು. ಆ ಕಾಲ ಮುಗಿದದ್ದು ಹೋದ ಕ್ರಿಸ್‌ಮಸ್ ರಜೆಯಲ್ಲಿ.

ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನನ್ನ ನಂಬಿಕೆಯ ಸಾಕ್ಷಿ ಹೇಳಲು ಎದ್ದವನು, "ಮಕ್ಕಳನ್ನು ಕರ್ತನ ಕೈಗೆ ಒಪ್ಪಿಸಬೇಕು, ಬಗಲಲ್ಲಿ ಕಟ್ಟಿಕೊಂಡು ತಿರುಗಬಾರದು. ನನ್ನ ಮಗಳು ಗ್ರೇಸಿ ಮುದಗಲ್ಲಿನ ಅಜ್ಜಿಯ ಮನೆಗೆ ನಾಳೆ ಒಬ್ಬಳೇ ಹೋಗುತ್ತಾಳೆ!" ಎಂದುಬಿಟ್ಟೆ. ಸಭೆಯೆಲ್ಲ "ಆಮೆನ್" ಎಂದಿತು. ಆಮೇಲೆ ಸಭೆ ಮನೆಗೆ ಹೋಯಿತು. ಮಾತು ನನ್ನ ಕೊರಳಿಗೆ ಬಿತ್ತು.

ಏಳನೇ ತರಗತಿಯ ಗ್ರೇಸಿ ಕುಣಿಯುತ್ತ ಬ್ಯಾಗು ತುಂಬತೊಡಗಿದಳು. ನನಗೆ ಊಟ ಇಳಿಯಲಿಲ್ಲ.

"ಮಾರ್ಥಾ, ಲಿಂಗಸುಗೂರಿನ್ಯಾಗ ಬಸ್ ಬದಲಿ ಮಾಡಬೇಕಲ್ಲ, ಹುಡುಗಿಗೆ ತಿಳೀತದೇನು?" ಎಂದು ಹೆಂಡತಿಯನ್ನು ಕೇಳಿದೆ.

"ಸಾಕ್ಷಿ ಹೇಳಾಕ ಎದ್ದಾಗ ನನ್ನ ಕೇಳಿದ್ರೇನು?" ಎಂದು ಅವಳು ಕರ್ಚಿಕಾಯಿ ಡಬ್ಬಿಯ ಮುಚ್ಚಳ ಒತ್ತಿದಳು.

ಮರುದಿನ ಬಸ್ ನಿಲ್ದಾಣದಲ್ಲಿ ಮಗಳ ತಲೆಯ ಮೇಲೆ ಕೈಯಿಟ್ಟು, "ಸ್ವಾಮಿ, ನನ್ನ ಮಗಳನ್ನ ನಿನ್ನ ಕೈಯಾಗ ಒಪ್ಪಿಸೀನಿ" ಎಂದು ಪ್ರಾರ್ಥಿಸಿದೆ. ಕರ್ತನಿಗೂ ಸ್ವಲ್ಪ ನೆರವಾಗಲೆಂದು, "ಯಾವನಾರ ಬೆನ್ನು ಹತ್ತಿದ್ರ ಅಂಜಬ್ಯಾಡವ್ವಾ. ಸೀದಾ ಕಂಡಕ್ಟರಿಗೆ ಹೇಳು" ಎಂಬ ಸೂಚನೆಯನ್ನೂ ಕೊಟ್ಟೆ.

"ಹ್ಞೂಂ ಅಪ್ಪಾ, ಹೇಳ್ತೀನಿ."

ಬಸ್ಸು ಹೊರಟಿತು. ಹಿಂದೆಯೇ ನಾನೂ ಹೊರಟೆ! ಪಕ್ಕದ ಮನೆಯ ಶರಣಪ್ಪನ ಬೈಕು, ಜಾಕೀಟು, ಹೆಲ್ಮೆಟ್ಟು ಮೂರನ್ನೂ ಹಿಂದಿನ ದಿನವೇ ಕೇಳಿಟ್ಟಿದ್ದೆ. ನಂಬಿಕೆ ಬೇರೆ, ಮುಂಜಾಗ್ರತೆ ಬೇರೆ.

ಆದರೆ ನಮ್ಮ ರಸ್ತೆಯಲ್ಲಿ ಹೆಲ್ಮೆಟ್ ಹಾಕಿದವನನ್ನು ಜನ ನಿಂತು ನೋಡುತ್ತಾರೆ. ಗುರುತು ಸಿಗದಿರಲೆಂದು ಹಾಕಿಕೊಂಡದ್ದೇ ಗುರುತಾಯಿತು. ಬಸ್ಸು ನಿಂತರೆ ನಾನೂ ನಿಂತೆ. ಹೊರಟರೆ ಹೊರಟೆ. ಪಕ್ಕಕ್ಕೆ ಹೋಗಿ ಕಿಟಕಿಯೊಳಗೆ ಇಣುಕಿದೆ. ಗ್ರೇಸಿ ನನ್ನತ್ತ ನೋಡಿದಳು. ನಾನು ಭತ್ತದ ಗದ್ದೆ ನೋಡಿದೆ.

ಮಸ್ಕಿಯಲ್ಲಿ ಬಸ್ಸು ನಿಂತಿತು. ತುದಿಗಾಲಲ್ಲಿ ನಿಂತು ಕಿಟಕಿಯಲ್ಲಿ ನೋಡಿದರೆ ಸೀಟು ಖಾಲಿ! ಗಾಬರಿಯಿಂದ ತಿರುಗಿದೆ. ಗ್ರೇಸಿ ಕಂಡಕ್ಟರಿನ ಪಕ್ಕದಲ್ಲಿ ನಿಂತು ನನ್ನತ್ತಲೇ ಬೆರಳು ತೋರಿಸುತ್ತಿದ್ದಳು.

"ಇವನೇ ನೋಡ್ರಿ ಅಂಕಲ್. ಸಿಂಧನೂರಿಂದ ಬೆನ್ನು ಹತ್ಯಾನ!"

ಕಂಡಕ್ಟರ್ ನನ್ನ ಜಾಕೀಟು ಹಿಡಿದ. "ಏನಲೇ, ಸಣ್ಣ ಹುಡುಗಿ ಹಿಂದ ಬರಾಕತ್ತೀಯೇನು? ಹೆಲ್ಮೆಟ್ ತೆಗಿ!"

ತೆಗೆಯೋಣವೆಂದರೆ ಗದ್ದದ ಕೆಳಗಿನ ಪಟ್ಟಿ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಜನ ಸೇರಿದರು. "ನಾ ಅಕಿ ಅಪ್ಪರೀ!" ಎಂದೆ.

"ಸಿಕ್ಕಿಬಿದ್ದಾಗ ಎಲ್ಲಾರೂ ಅಪ್ಪನೇ ಆಗ್ತಾರ" ಎಂದು ಪೇರಲಹಣ್ಣು ಮಾರುವ ಮುದುಕಿ ಚಪ್ಪಲಿ ಎತ್ತಿದಳು.

"ಸ್ತೋತ್ರ ಸ್ವಾಮೀ!" ಎಂದು ಕಿರುಚಿದೆ.

ಗ್ರೇಸಿ ಕಣ್ಣರಳಿಸಿದಳು. "ತಡೀರಿ ಯಮ್ಮಾ, ಹೊಡೀಬ್ಯಾಡ್ರಿ! ಜಿರಲಿ ಕಂಡ್ರ ನಮ್ಮಪ್ಪ ಹಿಂಗೇ ಒದರ್ತಾನ. ಇವ ಖರೇನೇ ನಮ್ಮಪ್ಪ!"

ಇಡೀ ಬಸ್ಸು ನಕ್ಕಿತು. ಗ್ರೇಸಿ ನಗಲಿಲ್ಲ. "ನೀ ಹೇಳಿದಂಗೇ ಮಾಡೀನಲ್ಲಪ್ಪಾ?" ಎಂದಳು.

"ಹೌದವ್ವಾ. ಬರೋಬ್ಬರಿ ಮಾಡೀದಿ" ಎಂದೆ. ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಡ್ರೈವರ್ ಹಾರನ್ ಹೊಡೆದ. ಗ್ರೇಸಿ ನನ್ನ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. "ಸ್ವಾಮಿ, ನಮ್ಮಪ್ಪನ್ನ ನಿನ್ನ ಕೈಯಾಗ ಒಪ್ಪಿಸೀನಿ. ಆಮೆನ್. ಸಾವಕಾಶ ಹೋಗಪ್ಪಾ."

ಬಸ್ಸು ಹತ್ತಿದವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಒಪ್ಪಿಸಿದ ಮೇಲೆ ಅವಳ ಪಾಲಿಗೆ ಮುಗಿಯಿತು! ನಾನು ಮಾತ್ರ ಬಸ್ಸು ಕಣ್ಮರೆಯಾದ ಮೇಲೂ ರಸ್ತೆ ನೋಡುತ್ತ ನಿಂತಿದ್ದೆ.

ಮನೆಗೆ ಬಂದು ಹೆಲ್ಮೆಟ್ಟಿನ ಸಮೇತ ಕಟ್ಟೆಯ ಮೇಲೆ ಕೂತೆ. ಮುದಗಲ್ಲಿನಿಂದ ಫೋನ್ ಬರುವವರೆಗೆ ನೀರೂ ಕುಡಿಯಲಿಲ್ಲ. ಕೊನೆಗೆ ಫೋನ್ ಬಂತು. ಮಾರ್ಥಾ ಮಾತಾಡಿ ಇಟ್ಟಳು.

"ಮುಟ್ಯಾಳೇನು?" ಎಂದು ಎದ್ದು ನಿಂತೆ.

"ಅಕಿ ಯಾವಾಗೋ ಮುಟ್ಯಾಳ. ಅಪ್ಪ ಮುಟ್ಯಾನೇನಂತ ಕೇಳಾಕತ್ತಾಳ."

ಆಮೇಲೆ ಅವಳು ಒಳಗಿನಿಂದ ಕಾಯಿಪಲ್ಲೆ ಹೆಚ್ಚುವ ಚಾಕು ತಂದು, ಹೆಲ್ಮೆಟ್ಟಿನ ಪಟ್ಟಿ ಕತ್ತರಿಸಲು ನನ್ನ ಗಂಟಲ ಬಳಿ ಹಿಡಿದಳು. "ಅಲುಗಾಡಬ್ಯಾಡ್ರಿ. ನನ್ನ ಮ್ಯಾಲರ ನಂಬಿಗಿ ಇಡ್ರಿ."

"ಸ್ತೋತ್ರ ಸ್ವಾಮೀ!" ಎಂದು ಒದರಿದೆ.