ಅತ್ತೆ ದುಬೈ ಸೇರುವ ತನಕ ಕಸಬರಿಗೆ ಮುಟ್ಟಬಾರದು

ನಮ್ಮ ಸೋದರಮಾವ ಇವತ್ತಿನವರೆಗೆ ವಿಮಾನ ಹತ್ತಿಲ್ಲ. ಆದರೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ ಒಂದನ್ನು ಓಡಿಸಿದ್ದಾರೆ. ಹಿಂದಿನ ಸೀಟಿನಲ್ಲಿ ನಾನಿದ್ದೆ! ಅದಾಗಿ ವಾರವಾಯಿತು. ಟ್ರ್ಯಾಕ್ಟರ್ ಸದ್ದು ಕೇಳಿದರೆ ಈಗಲೂ ನನ್ನ ಮೊಣಕಾಲುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ.

ಎಲ್ಲದಕ್ಕೂ ಮೂಲ ಕಸಬರಿಗೆ. ಊರಿಗೆ ಹೊರಟವರು ಸುಖವಾಗಿ ಸೇರುವವರೆಗೆ ಮನೆಯ ಕಸ ಹೊಡೆಯಬಾರದು ಎಂಬ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಉಳಿದವರು ಬಸ್ಸು ತಿರುವು ದಾಟಿದರೆ ಸಾಕೆಂದು ಗುಡಿಸಿಬಿಡುತ್ತಾರೆ. ಮಾವ ಹಾಗಲ್ಲ! ಕಸಬರಿಗೆಯನ್ನು ಅಲಮಾರಿಯ ಮೇಲಿಟ್ಟು, ಫೋನ್ ಬರುವವರೆಗೆ ಕೆಳಗೆ ಕಾವಲು ಕೂರುತ್ತಾರೆ. ಕಾಲೇಜು ಮುಗಿದರೂ ನಾನಿರುವುದು ಅವರ ಮನೆಯಲ್ಲೇ. ಒಮ್ಮೆ ಮಂಠಾಳಕ್ಕೆ ಮದುವೆಗೆ ಹೋದವನು ಊಟದ ಗದ್ದಲದಲ್ಲಿ ಫೋನ್ ಮಾಡುವುದನ್ನೇ ಮರೆತೆ. ಸಂಜೆ ಮರಳಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನೀ ಅಲ್ಲಿ ಜಿಲೇಬಿ ತಿನಕೋತ ಕುಂತಿ, ನಾ ಇಲ್ಲಿ ಉಳ್ಳಾಗಡ್ಡಿ ಸಿಪ್ಪಿ ತುಳಕೋತ ಅಡ್ಡಾಡೀನಿ!"

ಅಂಥ ಅತ್ತೆ ಮಗಳ ಬಾಣಂತನಕ್ಕೆಂದು ಹೈದರಾಬಾದಿನಿಂದ ದುಬೈಗೆ ಒಬ್ಬರೇ ಹೊರಟರು. ಮೊದಲ ವಿಮಾನ ಪ್ರಯಾಣ. ಮಾವ ಟಿಕೆಟ್ ಓದಿದರು: ಹೊರಡುವುದು ಹತ್ತಕ್ಕೆ, ಇಳಿಯುವುದು ಹನ್ನೆರಡೂವರೆಗೆ.

"ಎರಡೂವರೆ ಸಾವಿರ ಕಿಲೋಮೀಟರ್, ಎರಡೂವರೆ ತಾಸು! ಲೆಕ್ಕ ಬರೋಬರಿ ಅದ," ಎಂದು ಕಸಬರಿಗೆಯನ್ನು ಮೇಲಿಟ್ಟರು.

ಒಂದೂವರೆಯಾದರೂ ಫೋನ್ ಇಲ್ಲ. ದುಬೈ ನಿಲ್ದಾಣದಲ್ಲಿ ಕಾಯುತ್ತಿದ್ದ ಮಗಳ ಗಂಡನಿಗೆ ಮಾವನೇ ಫೋನ್ ಹಚ್ಚಿದರು. "ಇನ್ನೂ ಟೈಮ್ ಅದರಿ ಮಾವಾ," ಎಂದನಂತೆ. ಮಾವನ ಮುಖ ಬಿಳಿಚಿತು.

"ತಾಸ್ ಮ್ಯಾಗಾತು, ಇನ್ನೂ ಟೈಮ್ ಅದ ಅಂತಾನ! ಏನೋ ಮುಚ್ಚಿಡಾಕತ್ತಾನ. ನಡೀ ತಮ್ಮಾ, ಹುಮನಾಬಾದಿಗೆ."

"ಅಲ್ಲ್ಯಾಕ್ರಿ?"

"ಟಿಕೇಟ್ ಕೊಟ್ಟಾಂವ ಅಲ್ಲೇ ಇದ್ದಾನ. ನನ್ನ ಹೆಂಡತಿನ್ನ ಎಲ್ಲಿ ಇಟ್ಟೀರಿ ಅಂತ ಕಾಲರ್ ಹಿಡದು ಕೇಳ್ತೀನಿ!"

ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ಬಿದ್ದೆವು. ಮಾವನ ಬೈಕು ಅಷ್ಟು ಓಡುತ್ತದೆಂದು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ! ಆ ಗಾಳಿಯಲ್ಲಿ ನನಗೆ ತಟ್ಟನೆ ಹೊಳೆಯಿತು. ಅವರ ಕಿವಿಯ ಬಳಿ ಕೂಗಿದೆ:

"ಮಾವಾ, ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದ ಅದರಿ! ವಿಮಾನಕ್ಕ ನಾಕು ತಾಸು ಬೇಕು!"

ಕಾಲೇಜಿನಲ್ಲಿ ಕಲಿತದ್ದನ್ನು ಹೇಳಲು ಅದು ಸ್ಥಳವೇ? ಮಾವ ಪೂರ್ತಿ ಹಿಂದಕ್ಕೆ ತಿರುಗಿದರು.

"ಹಿಂದ ಹ್ಯಾಂಗ ಇರತದೋ? ಸೂರ್ಯ ಇಬ್ಬರಿಗೂ ಒಬ್ಬನೇ ಅಲ್ಲೇನು?"

ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು! "ಮಾವಾ" ಎಂದೆನೋ, ಬರೀ ಬಾಯಿ ತೆರೆದೆನೋ. ಅವರು ಹ್ಯಾಂಡಲ್ ಎಳೆದರು. ಕಬ್ಬಿನ ತುದಿ ಕೆನ್ನೆ ಗೀರಿತು. ಟ್ರೇಲರಿನ ಕಬ್ಬಿಣ ಮೊಣಕಾಲನ್ನು ಸವರಿಕೊಂಡೇ ಹೋಯಿತು. ಒಂದು ಕ್ಷಣ ನಾವು ನೆಲದ ಮೇಲಿರಲಿಲ್ಲ. ಆಮೇಲೆ, ನೀರು ಬಿಟ್ಟ ಹೊಲದ ಕೆಸರಿನಲ್ಲಿದ್ದೆವು.

ಬದುವಿನ ಮೇಲೆ ಇಬ್ಬರೂ ಕುಳಿತೆವು. ಕೊನೆಗೆ ಮಾವನ ಫೋನ್ ರಿಂಗಾಯಿತು. ಅತ್ತೆಯ ದನಿ ದುಬೈಯಿಂದ ಬಂದರೂ ನನಗೆ ಕೇಳುವಷ್ಟು ದೊಡ್ಡದು.

"ಮುಟ್ಟೀನ್ರಿ! ಇನ್ನರೆ ಮನಿ ಕಸಾ ಹೊಡೀರಿ!"

ಮಾವ ಫೋನನ್ನು ಕಿವಿಗೆ ಹಿಡಿದುಕೊಂಡೇ ಹೆಗಲ ಟವೆಲ್ಲಿನಿಂದ ನನ್ನ ಕೆನ್ನೆಯ ಕೆಸರನ್ನೂ ರಕ್ತವನ್ನೂ ಒರೆಸಿದರು.

"ಈಗ ಬ್ಯಾಡ," ಎಂದರು ಫೋನಿಗೆ. "ಹುಡುಗ ಇನ್ನೂ ಮನಿ ಮುಟ್ಟಿಲ್ಲ."

ಮತ್ತೆ ಬೈಕು ಹತ್ತಲಿಲ್ಲ, ತಳ್ಳಿಕೊಂಡು ಹೊರಟರು. ಹೊಲದ ಬದಿಗೆ ನಾನು, ರಸ್ತೆಯ ಬದಿಗೆ ಅವರು.