ಆಸಕ್ತಿ ಇಲ್ಲದ ಶಿಕ್ಷಕರು

ತನಗೆ ಬಾರದ ಕೆಲಸವನ್ನು ಬೇರೆಯವರಿಗೆ ಹೇಳುವಾಗ ಮನುಷ್ಯನ ದನಿ ತಾನಾಗಿಯೇ ಏರುತ್ತದೆ. ಮಸ್ಕಿ ಹತ್ತಿರದ ಪ್ರೌಢಶಾಲೆಗೆ ಹೆಡ್‌ಮಾಸ್ತರನಾದ ಮೇಲೆ ನಾನು ಕಂಡುಕೊಂಡ ಸತ್ಯವಿದು. ಸ್ಮಾರ್ಟ್ ಬೋರ್ಡ್ ಬಂದ ದಿನ ಸಭೆ ಕರೆದು, "ಜಮಾನಾ ಬದಲಾಗ್ಯಾದ್ರಿ, ಎಲ್ಲಾರೂ ಇದರಾಗ ಪಾಠ ಮಾಡ್ಬೇಕು" ಎಂದು ಮೇಜು ಗುದ್ದಿದೆ. ಸಭೆ ಮುಗಿದ ಕೂಡಲೇ ಆ ಕೋಣೆಗೆ ಬೀಗ ಜಡಿದು ಕೀಲಿಯನ್ನು ಕಿಸೆಗೆ ಇಳಿಸಿದೆ. ಕೆಟ್ಟರೆ ಉತ್ತರ ಕೊಡಬೇಕಾದವನು ನಾನಲ್ಲವೇ? ಯಾರಾದರೂ ಕೇಳಿದರೆ ಬೇಸಿಗೆಯಲ್ಲಿ ಕರೆಂಟ್ ಸರಿಯಿಲ್ಲ ಎಂದೆ, ಮಳೆಗಾಲದಲ್ಲಿ ಸಿಡಿಲು ಎಂದೆ. ನಾನಂತೂ ಅದನ್ನು ಮುಟ್ಟಿರಲೇ ಇಲ್ಲ. ಮನೆಯಲ್ಲಿ ಟಿವಿ ರಿಮೋಟೂ ಹೆಂಡತಿಯ ವಶದಲ್ಲೇ ಇದೆ. ಇಲಾಖೆಗೆ ಕಳಿಸಿದ ವರದಿಯಲ್ಲಿ ಮಾತ್ರ, 'ಶಿಕ್ಷಕರಿಗೆ ಆಸಕ್ತಿ ಇಲ್ಲ, ಮುಖ್ಯವಾಗಿ ಶಾಂತಮ್ಮನವರಿಗೆ' ಎಂದು ದುಂಡಗೆ ಬರೆದೆ. ಶಾಂತಮ್ಮ ನಮ್ಮ ವಿಜ್ಞಾನದ ಶಿಕ್ಷಕಿ, ನಿವೃತ್ತಿಗೆ ಎರಡೇ ವರ್ಷ.

ಇಂಥ ವರದಿಗಳನ್ನು ಓದುವವರೂ ಇದ್ದಾರೆಂದು ನನಗೇನು ಗೊತ್ತು! ಲಿಂಗಸುಗೂರಿನ ಶಿಕ್ಷಣಾಧಿಕಾರಿ ಕಚೇರಿಯಿಂದ ಫೋನ್ ಬಂತು: ಶುಕ್ರವಾರ ಸಾಹೇಬರು ಬರುತ್ತಾರೆ, ಹೆಡ್‌ಮಾಸ್ತರರೇ ಬೋರ್ಡಿನಲ್ಲಿ ಪಾಠ ಮಾಡಿ ತೋರಿಸಬೇಕು. ಗುರುವಾರ ನಾಚಿಕೆ ಬಿಟ್ಟು ಶಾಂತಮ್ಮನವರನ್ನೇ ಕೇಳಿದೆ: "ಮೇಡಮ್ಮರ, ನಿಮಗ ಇದು ಬರ್ತದೇನ್ರಿ?"

"ಬರ್ತದ್ರಿ ಸರ. ಸಿಂಧನೂರಿಗೆ ತರಬೇತಿಗೆ ನೀವ ಕಳಿಸಿದ್ರಿ, ಕಲ್ತು ಬಂದೀನಿ. ಕೀಲಿ ನಿಮ್ಮ ಕಿಸೆದಾಗ ಇದ್ರ ಪಾಠ ಎಲ್ಲಿ ಮಾಡ್ಲಿ?"

ಶುಕ್ರವಾರ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಬೋರ್ಡಿನ ಗುಂಡಿ ಒತ್ತಿದೆ. ಬೋರ್ಡು ಕಪ್ಪಗೇ ಇತ್ತು. ಮತ್ತೆ ಒತ್ತಿದೆ. ಹುಡುಗಿಯರು ನಗು ತಡೆಯಲು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಶಾಂತಮ್ಮ ಸದ್ದಿಲ್ಲದೆ ಬಂದು ಏನೋ ಮಾಡಿದರು. ಬೋರ್ಡಿನ ತುಂಬ ಮನುಷ್ಯನ ಹೃದಯವೊಂದು ಬಡಿಯತೊಡಗಿತು, ನನ್ನದಕ್ಕಿಂತ ಬಹಳ ನಿಧಾನವಾಗಿ. ಮಕ್ಕಳೆಲ್ಲ ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಅರ್ಧ ಗಂಟೆ ಶಾಂತಮ್ಮನವರೇ ಪಾಠ ಮಾಡಿದರು.

"ಆಸಕ್ತಿ ಇಲ್ಲ ಅಂತ ಬರದಿದ್ರಲ್ಲ, ಯಾರಿಗ್ರಿ?" ಎಂದರು ಸಾಹೇಬರು.

ಶಾಂತಮ್ಮ ನನ್ನನ್ನೇ ನೋಡುತ್ತಿದ್ದರು. "ಆಸಕ್ತಿ ಅಲ್ರಿ ಸಾಹೇಬ್ರ, ಅಂಜಿಕಿ. ಅದೂ ನನಗ" ಎಂದೆ. ಅವರು ವರದಿ ತಿದ್ದಿ ಕಳಿಸಲು ಹೇಳಿ ಜೀಪು ಹತ್ತಿದರು.

ಈಗ ದಿನಾ ಸಂಜೆ ನಾಲ್ಕೂವರೆಗೆ ನಾನು ಮೊದಲ ಬೆಂಚಿನಲ್ಲಿ ಕೂರುತ್ತೇನೆ. "ಒತ್ರಿ ಸರ, ಕಚ್ಚಂಗಿಲ್ಲ" ಎನ್ನುತ್ತಾರೆ ಶಾಂತಮ್ಮ. ನಿನ್ನೆ ಬೆವರೊರೆಸಿಕೊಳ್ಳುತ್ತ, "ನಾಳೆ ನನಗ ಸ್ವಲ್ಪ ಜ್ವರ ಬರೋ ಹಂಗದ ರೀ" ಎಂದೆ.

"ರಜಾ ಅರ್ಜಿ ಬರದು ಕೊಡ್ರಿ," ಎಂದರು ಅವರು, "ನೋಡ್ತೀನಿ."