ಯಜಮಾನರ ತಲೆಗೆ ಒಂದು ಗಂಟೆ

ಟಿಪ್ಸ್ ಕೊಡುವುದೆಂದರೆ ದುಡಿಯುವವನ ಮರ್ಯಾದೆ ಕಳೆದಂತೆ ಎಂಬುದು ಯಜಮಾನರ ಅಚಲ ಸಿದ್ಧಾಂತ. ದುಡಿಮೆಗೆ ತಕ್ಕ ಸಂಬಳ ಮಾಲೀಕ ಕೊಡಬೇಕು, ಗಿರಾಕಿ ಯಾಕೆ ಚಿಲ್ಲರೆ ಎಸೆಯಬೇಕು? ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಗಂಟೆ ಹೊಡೆಯುವ ತನಕ ಮಾತು ನಿಲ್ಲಿಸಿ ಅಭ್ಯಾಸವಿಲ್ಲ. ಮನೆಯಲ್ಲೋ, ಗಂಟೆ ಹೊಡೆಯುವವರೇ ಇಲ್ಲ. (ಹೆಂಡತಿಯ ಕಷ್ಟ ಇಲ್ಲಿಂದಲೇ ಶುರು.) ಹೋಟೆಲಿನಲ್ಲಿ ಆಕೆ ತಟ್ಟೆಯಡಿ ಇಟ್ಟ ನೋಟನ್ನು ಹಿಂದಕ್ಕೆತ್ತಿಕೊಂಡು, ಅದರ ಬದಲು ಮಾಣಿಗೆ ಉಪದೇಶ ದಯಪಾಲಿಸಿ ಬಂದ ಮಹಾನುಭಾವರು ಇವರು.

ಸಿದ್ಧಾಂತಕ್ಕೊಬ್ಬ ಜೀವಂತ ಸಾಕ್ಷಿಯೂ ಇದ್ದ: ಬೀದಿ ಕೊನೆಯ ಅಂಗಡಿಯ ಕ್ಷೌರಿಕ. ಪ್ರತಿ ಭಾನುವಾರ ಗಡ್ಡ ಕೆರೆದಾದ ಮೇಲೂ ಅವನು ಇವರನ್ನು ಬಿಡುತ್ತಿರಲಿಲ್ಲ. ತಲೆಗೆ ಎಣ್ಣೆ ಸುರಿದು, ತಟ್ಟಿ, ಒತ್ತಿ, ಕತ್ತು ಲಟಕ್ಕೆನ್ನಿಸಿ, ಒಂದು ಗಂಟೆ ಮಾಲೀಶು ಮಾಡುತ್ತಿದ್ದ. ಉದ್ದಕ್ಕೂ ಇವರ ಉಪನ್ಯಾಸಕ್ಕೆ ಹೂಂಗುಟ್ಟುತ್ತಿದ್ದ. ಮಾಲೀಶಿಗೆಂದು ಬಿಡಿಗಾಸು ಕೇಳಿದವನಲ್ಲ. ಅವನು ಮಾಡುವುದು ಅಭಿಮಾನಕ್ಕೆ, ಕಾಸಿಗಲ್ಲ ಎಂದು ಯಜಮಾನರು ಮನೆಗೆ ಬಂದು ಸಾರಿದರೆ, ಹೆಂಡತಿ ಕಿಟಕಿಯಾಚೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದಳು.

ಒಂದು ಭಾನುವಾರ ಗಡ್ಡ ಮುಗಿದದ್ದೇ ತಡ, ಕ್ಷೌರಿಕ ಬಟ್ಟೆ ಕೊಡವಿ ಆಯಿತು ಎಂದುಬಿಟ್ಟ. ಯಜಮಾನರು ಕುರ್ಚಿ ಬಿಡಲಿಲ್ಲ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಸೂಚನೆ ಕೊಟ್ಟರು. ಅವನು ಮುಂದಿನ ಗಿರಾಕಿಯತ್ತ ತಿರುಗಿದ. ಮೈಗೆ ಹುಷಾರಿಲ್ಲವೇ ಎಂದು ಇವರು ವಿಚಾರಿಸಿದರೆ, ಗಟ್ಟಿಮುಟ್ಟಾಗಿದ್ದೇನೆ ಎಂದ. ಕೊನೆಗೆ ತಲೆ ಕೆರೆದುಕೊಳ್ಳುತ್ತಾ (ತನ್ನದೇ ತಲೆ) ಬಾಯಿಬಿಟ್ಟ.

"ಈ ವಾರ ಅಮ್ಮಾವ್ರು ಬಂದಿರ್ಲಿಲ್ಲ ಸರ್."

ಯಾವ ಅಮ್ಮಾವ್ರು ಎಂದು ಕೇಳುವಷ್ಟು ದಡ್ಡರಲ್ಲ ಯಜಮಾನರು. ಒಣ ತಲೆ ಹೊತ್ತು ದಾಪುಗಾಲು ಹಾಕಿ ಮನೆಗೆ ಬಂದರು. ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕಾದಂಬರಿ ಓದುತ್ತಿದ್ದಳು.

"ನನಗೆ ಗೊತ್ತಿಲ್ಲದ ಹಾಗೆ ನನ್ನ ತಲೆಗೆ ಟಿಪ್ಸ್ ಕೊಡ್ತಿದ್ದೀಯಾ?"

"ನಿಮ್ಮ ತಲೆಗಲ್ಲ, ಅವನ ಕಿವಿಗೆ," ಎಂದಳು ಆಕೆ, ಪುಟ ತಿರುವುತ್ತಾ. "ಕೆರೆಯೋದಕ್ಕೆ ಅವನಿಗೆ ಸಂಬಳ ಇದೆ. ನಿಮ್ಮ ಕೊರೆತ ಕೇಳೋದಕ್ಕೆ ಯಾರು ಕೊಡ್ತಾರೆ? ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಅಂತ ನೀವೇ ಹೇಳೋದಲ್ವಾ?"

ಯಜಮಾನರು ಪಟ್ಟು ಬಿಡಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನೀನೂ ಕೇಳಿದ್ದೀಯಲ್ಲ. ನಿನ್ನ ಕೂಲಿ?"

"ಭಾನುವಾರ ಒಂದು ಗಂಟೆ ರಜ. ಅದೇ ಕೂಲಿ. ಈ ವಾರ ಮಂಡಿ ನೋವು, ಅಂಗಡಿ ತನಕ ನಡೆಯೋಕಾಗ್ಲಿಲ್ಲ."

ಇದಕ್ಕೆ ಯಜಮಾನರ ಬಳಿ ಖಂಡನೆ ಇಲ್ಲದಿರಲಿಲ್ಲ, ಮುಕ್ಕಾಲು ಗಂಟೆಯಷ್ಟಿತ್ತು. ಆದರೆ ಬಿಸಿನೀರಿನ ಚೀಲ ಆರಿಹೋಗಿತ್ತು. ಯಜಮಾನರು ಒಳಗೆ ಹೋಗಿ ನೀರು ಕಾಯಿಸಿ, ತುಂಬಿಸಿ ತಂದು, ಸದ್ದಿಲ್ಲದೆ ಮಂಡಿಯ ಮೇಲಿಟ್ಟರು. ಹೆಂಡತಿ ಮೆತ್ತಗೆ ನಕ್ಕು, ಪರ್ಸಿನಿಂದ ಒಂದು ನೋಟು ತೆಗೆದು ಅವರ ಜೇಬಿಗೆ ತುರುಕಿದಳು. ನೀವೇ ಕೊಟ್ಟು ಬನ್ನಿ, ನಿಧಾನವಾಗಿ ಬನ್ನಿ ಎಂದಳು.

ಹೋದರು. ಸಿದ್ಧಾಂತಿಗಳು ಅತ್ತಿತ್ತ ನೋಡಿ, ನೋಟನ್ನು ಮುದುರಿ ಚಾಚಿದರು. ಕ್ಷೌರಿಕ ಅದನ್ನು ಜೇಬಿಗಿಳಿಸಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ, ನೆತ್ತಿಗೆ ಧಾರಾಳವಾಗಿ ಎಣ್ಣೆ ಸುರಿದು, ಅಕ್ಕರೆಯಿಂದ ಕೇಳಿದ:

"ಹ್ಞಾಂ, ಈಗ ಹೇಳಿ ಸರ್. ಟಿಪ್ಸ್ ಯಾಕೆ ಕೊಡಬಾರ್ದು?"